ಪೊಲಾಕ್, ರಾತ್ಕೊ, ನ್ಯೂಮನ್: ಈ ಕೀರ್ತಿ ಚಿತ್ರಗಳ ಸ್ವಂತ ಗಳಿಕೆಯೇ?

1940ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಅಮೂರ್ತ ಅಭಿವ್ಯಕ್ತಿವಾದ, ಎಂದರೆ ವಸ್ತುಗಳ ರೂಪವನ್ನು ಬಿಡಿಸದೆ ಬಣ್ಣ, ಗೆರೆಗಳಲ್ಲೇ ಭಾವವನ್ನು ಹೇಳುವ ಪೊಲಾಕ್, ರಾತ್ಕೊ, ನ್ಯೂಮನ್ ಮೊದಲಾದವರ ಪಂಥ, ಹದಿನೈದು ವರ್ಷ ತುಂಬುವುದರೊಳಗೆ ಚಿತ್ರಕಲೆಯ ಹಿರಿಯ ಪೀಠವನ್ನು ಪ್ಯಾರಿಸ್ಸಿನಿಂದ ತನ್ನ ಊರಿಗೆ ತಂದುಕೊಂಡಿತು. ಆ ಗೆಲುವು ಚಿತ್ರಗಳದೋ, ಅವುಗಳ ಬೆನ್ನಿಗೆ ನಿಂತವರದೋ?

ಪರ

2012ರ ಅಕ್ಟೋಬರಿನಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಸಂಗ್ರಹಾಲಯದಲ್ಲಿ ಒಬ್ಬಾತ ಮಾರ್ಕ್ ರಾತ್ಕೊನ ‘ಬ್ಲ್ಯಾಕ್ ಆನ್ ಮರೂನ್’ ಚಿತ್ರದ ಮೂಲೆಯಲ್ಲಿ ಶಾಯಿಯಿಂದ ಗೀಚಿಬಿಟ್ಟ. ಅದನ್ನು ತೆಗೆಯಲು ಹದಿನೆಂಟು ತಿಂಗಳು ಹಿಡಿಯಿತು. ದೂರದಿಂದ ನೋಡಿದರೆ ಆ ಚಿತ್ರದಲ್ಲಿ ಎರಡೇ ಬಣ್ಣ. ಆದರೆ ರಾತ್ಕೊ ಬಣ್ಣಕ್ಕೆ ಮೊಟ್ಟೆ, ಅಂಟು, ರಾಳಗಳನ್ನು ಬೆರೆಸಿ, ತೆಳುವಾದ ಪದರದ ಮೇಲೆ ಪದರ ಬಳಿದಿದ್ದ. ಶಾಯಿ ಆ ಪದರಗಳೊಳಕ್ಕೆ ಇಳಿದಿತ್ತು. ಯಾವ ದ್ರಾವಣ ಶಾಯಿಯನ್ನು ಮಾತ್ರ ಕರಗಿಸಿ ಬಣ್ಣವನ್ನು ಉಳಿಸುತ್ತದೆಂದು ತಿಳಿಯಲು ತಜ್ಞರು ಅಂಥದ್ದೇ ಪದರಗಳಿರುವ ಇನ್ನೊಂದು ಕ್ಯಾನ್ವಾಸನ್ನು ತಯಾರಿಸಿ ಪ್ರಯೋಗ ನಡೆಸಬೇಕಾಯಿತು. “ಇದನ್ನು ನಮ್ಮ ಮನೆಯ ಮಗುವೂ ಬಳಿದೀತು” ಎನ್ನುವವರಿಗೆ ನಾನು ಮೊದಲು ಹೇಳುವುದು ಈ ಸಂಗತಿಯನ್ನೇ.

ಈ ಪಂಥದ ಕಲಾವಿದರು ಸುಖವಾಗಿ ಬೆಳೆದವರೂ ಅಲ್ಲ. ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ಇವರಲ್ಲಿ ಹಲವರು ಕಲಾವಿದರಿಗೆ ಕೆಲಸ ಕೊಡುತ್ತಿದ್ದ ಸರ್ಕಾರದ ಯೋಜನೆ ‘ಫೆಡರಲ್ ಆರ್ಟ್ ಪ್ರಾಜೆಕ್ಟ್’ನ ವಾರದ ಕೂಲಿಯಲ್ಲಿ ಬದುಕಿದರು. ಆಮೇಲೆ ಯುದ್ಧ ಬಂತು. ಮನುಷ್ಯರೂಪವನ್ನು ವಿಕಾರಗೊಳಿಸದೆ ಅದರ ಮೂಲಕ ತನ್ನ ಮಾತನ್ನು ಹೇಳಲಾಗದು ಎನ್ನಿಸಿದಾಗ ರಾತ್ಕೊ ಆ ರೂಪವನ್ನೇ ಕೈಬಿಟ್ಟ. ಚಿತ್ರ ಬಿಡಿಸಲು ಬಾರದೆ ಅಮೂರ್ತಕ್ಕೆ ಹೋದವರಲ್ಲ ಇವರು.

ಬಾರ್ನೆಟ್ ನ್ಯೂಮನ್ 1948ರ ಜನವರಿ 29ರಂದು, ತನ್ನ ನಲವತ್ತಮೂರನೆಯ ಹುಟ್ಟುಹಬ್ಬದ ದಿನ, ಕಂದುಗೆಂಪು ಬಳಿದ ಸಣ್ಣ ಕ್ಯಾನ್ವಾಸಿನ ನಡುವೆ ಮೇಲಿನಿಂದ ಕೆಳಗೆ ಒಂದು ಅಂಟುಪಟ್ಟಿ ಹಚ್ಚಿ, ಅದರ ಮೇಲೆ ಉಜ್ವಲವಾದ ಕೆಂಪನ್ನು ಬಳಿದು ನೋಡಿದ. ಪಟ್ಟಿಯನ್ನು ಕಿತ್ತು ಮುಂದಿನ ಕೆಲಸಕ್ಕೆ ಹೋಗಬೇಕಿತ್ತು. ಹೋಗಲಿಲ್ಲ. ತಾನು ಮಾಡಿದ್ದೇನೆಂದು ಅರಿಯಲು ತಿಂಗಳುಗಟ್ಟಲೆ ಅದರ ಎದುರು ಕುಳಿತ. ಆ ಪಟ್ಟಿ ‘ಒನ್‌ಮೆಂಟ್ 1’ ಚಿತ್ರದಲ್ಲಿ ಈಗಲೂ ಹಾಗೆಯೇ ಇದೆ. 1950 ಮತ್ತು 1951ರ ಅವನ ಪ್ರದರ್ಶನಗಳಿಗೆ ಸಿಕ್ಕಿದ್ದು ಬಹುಪಾಲು ತಿರಸ್ಕಾರ. ಅನಂತರ ಹಲವು ವರ್ಷ ನ್ಯೂಯಾರ್ಕಿನಲ್ಲಿ ಏಕವ್ಯಕ್ತಿ ಪ್ರದರ್ಶನವನ್ನೇ ಮಾಡಲಿಲ್ಲ. ಬೆನ್ನಿಗೆ ದೊಡ್ಡವರಿದ್ದವನು ಹೀಗೆ ಹಿಂದೆ ಸರಿಯುತ್ತಾನೆಯೇ?

ಜಾಕ್ಸನ್ ಪೊಲಾಕ್ ಲಾಂಗ್ ಐಲೆಂಡಿನ ಹಳೆಯ ಕೊಟ್ಟಿಗೆಯೊಂದರಲ್ಲಿ ಕ್ಯಾನ್ವಾಸನ್ನು ನೆಲದ ಮೇಲೆ ಹಾಸಿ, ನಾಲ್ಕೂ ಕಡೆಯಿಂದ ಓಡಾಡುತ್ತಾ, ಕಡ್ಡಿಯಿಂದ, ಒಣಗಿ ಗಟ್ಟಿಯಾದ ಕುಂಚದಿಂದ ಬಣ್ಣವನ್ನು ಇಳಿಬಿಟ್ಟ. ನಸುಕಿನಲ್ಲಿ ರಂಗೋಲಿ ಎಳೆಯುವ ಕೈಯನ್ನು ಗಮನಿಸಿದವರಿಗೆ ಇದು ಹೊಸದೆನ್ನಿಸದು: ಬೆರಳು ನೆಲವನ್ನು ಮುಟ್ಟುವುದಿಲ್ಲ, ಕೈ ಓಡುವ ವೇಗವೇ ಗೆರೆಯ ದಪ್ಪವನ್ನು ನಿರ್ಧರಿಸುತ್ತದೆ. ಅಮೆರಿಕದ ಮೂಲನಿವಾಸಿಗಳು ಮರಳಿನಲ್ಲಿ ಚಿತ್ರ ಬಿಡಿಸುವ ಕ್ರಮಕ್ಕೆ ತನ್ನದು ಹತ್ತಿರವೆಂದು ಪೊಲಾಕ್ 1947ರಲ್ಲೇ ಹೇಳಿದ್ದ. ‘ಒನ್: ನಂಬರ್ 31, 1950’ ಐದು ಮೀಟರಿಗೂ ಅಗಲವಾದ ಕ್ಯಾನ್ವಾಸು. ಅದರಲ್ಲಿ ಗೆರೆ ಯಾವ ವಸ್ತುವಿನ ಅಂಚೂ ಅಲ್ಲ. ಅದು ಏನನ್ನೂ ಸುತ್ತುವರಿಯದೆ ಹರಿಯುತ್ತದೆ. ಗೆರೆಗೆ ಇಷ್ಟು ಬಿಡುಗಡೆ ಮೊದಲು ಸಿಕ್ಕಿರಲಿಲ್ಲ. ಸಾಹಿತ್ಯವಿಲ್ಲದ ಆಲಾಪನೆಯನ್ನು ಕೇಳುವಾಗ ನಾವು ಅರ್ಥ ಹೇಳಿ ಎಂದು ಹಟ ಹಿಡಿಯುವುದಿಲ್ಲ. ಅದೇ ತಾಳ್ಮೆಯನ್ನು ಈ ಗೆರೆಗೂ ಕೊಟ್ಟವರಿಗೆ ಅದು ಒಲಿದಿದೆ, ಕೀರ್ತಿ ಬೆಳೆದದ್ದು ಅಂಥ ನೋಡುಗರಿಂದ.

ವಿರೋಧ

ಆಲಾಪನೆಯ ಹೋಲಿಕೆ ಸಲ್ಲದು. ತೋಡಿ ರಾಗದಲ್ಲಿ ಒಂದು ಸ್ವರ ತಪ್ಪಿದರೆ ಹಿಂದಿನ ಸಾಲಿನ ಕೇಳುಗರೂ ತಲೆಯೆತ್ತುತ್ತಾರೆ. ಪೊಲಾಕ್‌ನ ಕ್ಯಾನ್ವಾಸಿನಲ್ಲಿ ಅಪಸ್ವರ ಯಾವುದೆಂದು ಹೇಳುವವರು ಯಾರು? 1846ರಿಂದ ವ್ಯಾಪಾರ ನಡೆಸಿದ್ದ ನ್ಯೂಯಾರ್ಕಿನ ನೋಡ್ಲರ್ ಗ್ಯಾಲರಿ 2011ರಲ್ಲಿ ಬಾಗಿಲು ಮುಚ್ಚಿತು. ಪೊಲಾಕ್, ರಾತ್ಕೊ ಮೊದಲಾದವರ ಹೆಸರಿನಲ್ಲಿ ಅದು ವರ್ಷಗಟ್ಟಲೆ ಮಾರಿದ ಚಿತ್ರಗಳು ಕ್ವೀನ್ಸ್ ಪ್ರದೇಶದಲ್ಲಿ ವಾಸವಿದ್ದ ಒಬ್ಬ ವಲಸಿಗ ಚಿತ್ರಕಾರನ ಕೈಯಿಂದ ಬಂದಿದ್ದವು. 2004ರಲ್ಲಿ ಅಂಥ ಒಂದು ‘ರಾತ್ಕೊ’ 83 ಲಕ್ಷ ಡಾಲರಿಗೆ ಹೋಯಿತು. ಹಳೆಯ ಕಾಲದ ಗುರುಗಳನ್ನೂ ನಕಲು ಮಾಡಿದವರಿದ್ದಾರೆ, ನಿಜ. ಆದರೆ ಈ ಪಂಥದ ಪ್ರತಿಪಾದಕರು ಬೇರೆಯೇ ಮಾತು ಕೊಟ್ಟಿದ್ದರು. ಕ್ಯಾನ್ವಾಸು ಕಲಾವಿದ ತನ್ನನ್ನೇ ಪಣಕ್ಕಿಡುವ ಕಣ, ಬಿದ್ದ ಬಣ್ಣ ಅವನ ಅಂತರಂಗದ ಗುರುತು ಎಂದಿದ್ದರು. ಬೇರೊಬ್ಬನ ಅಂತರಂಗವೂ ಅದೇ ಗುರುತನ್ನು ಬಿಟ್ಟು, ಬಲ್ಲವರೆನ್ನಿಸಿಕೊಂಡವರೇ ಅದನ್ನು ಒಪ್ಪಿಕೊಂಡರೆ ಆ ಮಾತು ನಿಲ್ಲುವುದು ಹೇಗೆ? ಟೇಟ್‌ನಲ್ಲಿ ಚಿತ್ರ ಸರಿಪಡಿಸಲು ಪಟ್ಟ ಪಾಡು ರಾತ್ಕೊನ ಬಣ್ಣದ ಹದಕ್ಕೆ ಸಾಕ್ಷಿಯಾಗಬಹುದು, ಕೀರ್ತಿಗೆ ಅಲ್ಲ.

ಕೀರ್ತಿಗೆ ಬೇರೆ ಲೆಕ್ಕವಿದೆ. 1947ರಲ್ಲಿ ಅಮೆರಿಕದ ವಿದೇಶಾಂಗ ಇಲಾಖೆ ಹೊರದೇಶಗಳಿಗೆ ಕಳುಹಿಸಿದ್ದ ಆಧುನಿಕ ಚಿತ್ರಗಳ ಪ್ರದರ್ಶನ ಸಂಸತ್ತಿನ ಸಿಟ್ಟಿಗೆ ಗುರಿಯಾಗಿ ಹಿಂದಕ್ಕೆ ಬಂತು. ಆ ಚಿತ್ರಗಳನ್ನು ಯುದ್ಧದಲ್ಲಿ ಉಳಿದ ಸಾಮಾನುಗಳಂತೆ ಮಾರಿಬಿಟ್ಟರು. ಮುಂಬಾಗಿಲು ಮುಚ್ಚಿದ ಮೇಲೆ ಹಿಂಬಾಗಿಲು ತೆರೆಯಿತು. 1950ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ಕಮ್ಯುನಿಸ್ಟ್ ವಿರೋಧಿ ಸಾಂಸ್ಕೃತಿಕ ಸಂಸ್ಥೆ ‘ಕಾಂಗ್ರೆಸ್ ಫಾರ್ ಕಲ್ಚರಲ್ ಫ್ರೀಡಂ’ಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಯ ಹಣ ಹರಿಯುತ್ತಿದ್ದುದು 1960ರ ದಶಕದ ನಡುವಿನ ಬಳಿಕ ಬಯಲಾಯಿತು. ವೆನಿಸ್ಸಿನಲ್ಲಿ ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನದ ಅಮೆರಿಕನ್ ಮಂಟಪವನ್ನು 1954ರಲ್ಲಿ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವೇ ಕೊಂಡಿತು. 1958-59ರಲ್ಲಿ ಅದೇ ಸಂಗ್ರಹಾಲಯ ‘ದಿ ನ್ಯೂ ಅಮೆರಿಕನ್ ಪೇಂಟಿಂಗ್’ ಪ್ರದರ್ಶನವನ್ನು ಯೂರೋಪಿನ ಎಂಟು ನಗರಗಳಲ್ಲಿ ಸುತ್ತಿಸಿತು. ಪೊಲಾಕ್ ಯಾರ ಅಪ್ಪಣೆಯಿಂದಲೂ ಬಣ್ಣ ಸುರಿಯಲಿಲ್ಲ, ಅದನ್ನು ಒಪ್ಪುತ್ತೇನೆ. ಆದರೆ ದುಡಿಯುವ ಜನರನ್ನು ಕೊಂಡಾಡುವ ಸೋವಿಯತ್ ದೇಶದ ಅಧಿಕೃತ ಶೈಲಿ ಸಮಾಜವಾದಿ ವಾಸ್ತವವಾದಕ್ಕೆ ಎದುರು ನಿಲ್ಲಿಸಿ, ನೋಡಿ, ಸ್ವತಂತ್ರ ಮನುಷ್ಯನ ಕಲೆ ಎನ್ನಲು ಈ ಚಿತ್ರಗಳು ಬಹಳ ಅನುಕೂಲವಾಗಿದ್ದವು. ಅವುಗಳಲ್ಲಿ ಹಸಿದವರ ಮುಖವಿರಲಿಲ್ಲ, ಅಮೆರಿಕದ ಕಪ್ಪು ಜನರ ಬವಣೆಯೂ ಇರಲಿಲ್ಲ.

ಚಿತ್ರವೇ ಕೀರ್ತಿಯನ್ನು ಗಳಿಸುತ್ತದೆ ಎನ್ನುವವರು ಜಾನೆಟ್ ಸೊಬೆಲ್ ಎಂಬಾಕೆಯ ಕಥೆಗೆ ಉತ್ತರ ಕೊಡಬೇಕು. ಉಕ್ರೇನಿನಲ್ಲಿ ಹುಟ್ಟಿ, ಹುಡುಗಿಯಾಗಿದ್ದಾಗ ನ್ಯೂಯಾರ್ಕಿಗೆ ಬಂದ ಸೊಬೆಲ್, ಮಕ್ಕಳನ್ನು ಬೆಳೆಸಿದ ಮೇಲೆ ನಡುವಯಸ್ಸಿನಲ್ಲಿ ಚಿತ್ರ ಬಿಡಿಸತೊಡಗಿದಳು. ಬಣ್ಣವನ್ನು ತೊಟ್ಟಿಕ್ಕಿಸಿ, ಹರಿಯಬಿಟ್ಟು, ಮೂಲೆಯಿಂದ ಮೂಲೆಗೆ ಒಂದೇ ಬಿಗಿಯಲ್ಲಿ ತುಂಬುವ ಆಕೆಯ ‘ಮಿಲ್ಕಿ ವೇ’ 1945ರದು, ಪೊಲಾಕ್‌ನ ಹೆಸರಾಂತ ಚಿತ್ರಗಳಿಗಿಂತ ಎರಡು ವರ್ಷ ಹಿಂದಿನದು. ಪೊಲಾಕ್‌ನಿಗೂ ಬೆಂಬಲವಾಗಿದ್ದ ಕಲಾಸಂಗ್ರಾಹಕಿ ಪೆಗಿ ಗುಗೆನ್‌ಹೈಮ್ ಸೊಬೆಲ್‌ಳ ಕೃತಿಗಳನ್ನು ತನ್ನ ಗ್ಯಾಲರಿಯಲ್ಲಿ ಪ್ರದರ್ಶಿಸಿದ್ದಳು. ಪೊಲಾಕ್ ಅವನ್ನು ನೋಡಿ ಮೆಚ್ಚಿದ್ದನೆಂದು ಅವನ ದೊಡ್ಡ ಬೆಂಬಲಿಗ, ವಿಮರ್ಶಕ ಕ್ಲೆಮೆಂಟ್ ಗ್ರೀನ್‌ಬರ್ಗನೇ ಮುಂದೆ ಬರೆದ. ಆದರೆ ಅವನು ಆಕೆಯನ್ನು ಕರೆದದ್ದು ಬ್ರೂಕ್ಲಿನ್ನಿನ ಗೃಹಿಣಿ, ಮುಗ್ಧ ಕಲಾವಿದೆ ಎಂದು. ಪೊಲಾಕ್‌ನ ಹೆಂಡತಿ ಲೀ ಕ್ರಾಸ್ನರ್ ಕೂಡ ಗಂಡ ಕೊಟ್ಟಿಗೆಯಲ್ಲಿ ದೊಡ್ಡ ಕ್ಯಾನ್ವಾಸು ಹಾಸುತ್ತಿದ್ದಾಗ ಮಹಡಿಯ ಮಲಗುವ ಕೋಣೆಯಲ್ಲಿ ಸಣ್ಣ ಚಿತ್ರಗಳನ್ನು ಬಿಡಿಸುತ್ತಿದ್ದಳು. 1956ರಲ್ಲಿ ಅವನು ಕಾರು ಅಪಘಾತದಲ್ಲಿ ಸತ್ತ ಮೇಲೆಯೇ ಆ ಕೊಟ್ಟಿಗೆ ಆಕೆಗೆ ಸಿಕ್ಕಿತು.

ಸೊಬೆಲ್ ನ್ಯೂಜೆರ್ಸಿಗೆ ಮನೆ ಬದಲಾಯಿಸಿದಳು, ಬಣ್ಣ ಆಕೆಯ ಮೈಗೆ ಒಗ್ಗದಂತಾಯಿತು, ಗ್ಯಾಲರಿಗಳು ಮರೆತವು. ‘ಮಿಲ್ಕಿ ವೇ’ ಆಧುನಿಕ ಕಲಾ ಸಂಗ್ರಹಾಲಯವನ್ನು ಸೇರಿದ್ದು 1968ರಲ್ಲಿ, ಮನೆಯವರ ಕೊಡುಗೆಯಾಗಿ. ಆಕೆ ತೀರಿಕೊಂಡದ್ದೂ ಅದೇ ವರ್ಷ.