ಸ್ಪೈಡರ್‌ಮ್ಯಾನ್‌ನ ನೂಲು ಮೈಯಿಂದಲೋ, ಯಂತ್ರದಿಂದಲೋ?

1962ರ ಕಾಮಿಕ್ಸ್‌ನಲ್ಲಿ, ಜೇಡ ಕಚ್ಚಿ ಸ್ಪೈಡರ್‌ಮ್ಯಾನ್ ಆದ ಹುಡುಗ ಪೀಟರ್ ಪಾರ್ಕರ್ ನೂಲು ಚಿಮ್ಮಿಸುವ ಯಂತ್ರವನ್ನು ತಾನೇ ಮಾಡಿ ಮಣಿಕಟ್ಟಿಗೆ ಕಟ್ಟಿಕೊಂಡ. 2002ರ ಸಿನಿಮಾ ಆ ಯಂತ್ರವನ್ನು ಕೈಬಿಟ್ಟು, ನೂಲು ಅವನ ಮೈಯಿಂದಲೇ ಬರುವಂತೆ ಮಾಡಿತು. ಸಿನಿಮಾ ಮಾಡಿದ್ದು ಸರಿಯೇ? ಶಿವಮೊಗ್ಗದ ಇಬ್ಬರು ಅಭಿಮಾನಿಗಳ ವಾದ ಇಲ್ಲಿದೆ.

ಪರ: ಮೈಯ ನೂಲೇ ಸರಿ

ಆಗುಂಬೆಯ ಕಾಡಂಚಿನಲ್ಲಿ ದೈತ್ಯ ಮರಜೇಡ ದಾರಿಗಡ್ಡವಾಗಿ ಬಲೆ ಕಟ್ಟಿರುತ್ತದೆ. ಬಿಸಿಲು ತಾಗಿದರೆ ಎಳೆಯೆಳೆಯೂ ಹೊಂಬಣ್ಣ. ಆ ನೂಲು ಜೇಡದ ಹೊಟ್ಟೆಯ ಗ್ರಂಥಿಗಳಲ್ಲಿ ದ್ರವರೂಪದ ಪ್ರೋಟೀನ್ ಆಗಿರುತ್ತದೆ; ಎಳೆದು ಹೊರಬರುವಾಗ ಗಟ್ಟಿಯಾಗುತ್ತದೆ. ಕಚ್ಚಿದ ಜೇಡ ಪೀಟರ್‌ಗೆ ಗೋಡೆ ಹತ್ತುವ ಅಂಗೈ ಕೊಟ್ಟಿತು, ಬರಲಿರುವ ಪೆಟ್ಟನ್ನು ಮೊದಲೇ ಅರಿಯುವ ಶಕ್ತಿ ಕೊಟ್ಟಿತು, ನೂಲು ಮಾತ್ರ ಕೊಡಲಿಲ್ಲ ಎಂದರೆ ಅದು ಅರ್ಧ ವರ. ಜೇಡಕ್ಕೆ ನೂಲು ಬರುವುದು ಹೊಟ್ಟೆಯ ತುದಿಯಿಂದ, ಕೈಯಿಂದಲ್ಲ ಎಂಬ ಆಕ್ಷೇಪ ನಿಜವೇ. ಆದರೆ ಮನುಷ್ಯ ಗುರಿಯಿಟ್ಟು ಎಸೆಯುವುದು ಕೈಯಿಂದ. ಆ ಒಂದು ಬದಲಾವಣೆಯನ್ನು ಕಣ್ಣು ಕ್ಷಣದಲ್ಲಿ ಒಪ್ಪಿಕೊಳ್ಳುತ್ತದೆ.

ಕಾಮಿಕ್ಸ್‌ಗೆ ತಿಂಗಳು ತಿಂಗಳೂ ಪುಟ ಸಿಗುತ್ತದೆ, ಸಿನಿಮಾಕ್ಕೆ ಇರುವುದು ಎರಡು ಗಂಟೆ. ಅಷ್ಟರಲ್ಲಿ ಜೇಡ ಕಚ್ಚಿ ಶಕ್ತಿ ಬಂತು ಎಂಬ ಒಂದು ಪವಾಡವನ್ನು ನಂಬಿಸಬಹುದು. ಯಂತ್ರದಿಂದ ನೂಲಾಗಿ ಚಿಮ್ಮುವ, ದೊಡ್ಡ ಕಾರ್ಖಾನೆಗಳಿಗೂ ಕೈಗೆಟುಕದ ಅಂಟನ್ನು ಅದೇ ಹುಡುಗ ಮನೆಯಲ್ಲಿ ಕಲಸಿದ ಎನ್ನುವುದು ಎರಡನೇ ಪವಾಡ. ಅಂಥ ಅಂಟು ಮಾಡಬಲ್ಲವನು ಬಾಡಿಗೆ ಕಟ್ಟಲಾಗದೆ ಪತ್ರಿಕೆಗೆ ಫೋಟೊ ಮಾರಿಕೊಂಡು ಏಕೆ ಅಲೆಯಬೇಕು?

ದೊಡ್ಡ ಲಾಭ ಸಿಕ್ಕಿದ್ದು 2004ರಲ್ಲಿ ಬಂದ ಸಿನಿಮಾದ ಎರಡನೇ ಭಾಗದಲ್ಲಿ. ಪೀಟರ್‌ನ ಮನಸ್ಸು ಕುಗ್ಗಿದಾಗ ನೂಲೂ ನಿಲ್ಲುತ್ತದೆ. ನೂಲು ಹಿಡಿದು ಜೀಕುತ್ತಿದ್ದವನು ನಡುವೆಯೇ ಕೆಳಗೆ ಬೀಳುತ್ತಾನೆ. ಮನಸ್ಸಿನೊಳಗಿನ ಸೋಲು ಒಂದು ಸಂಭಾಷಣೆಯೂ ಇಲ್ಲದೆ ತೆರೆಯ ಮೇಲೆ ಬಂತು. ರೈಲು ನಿಲ್ಲಿಸುವ ದೃಶ್ಯದಲ್ಲೂ ಅಷ್ಟೆ. ಎರಡೂ ಬದಿಯ ಕಟ್ಟಡಗಳಿಗೆ ಎಳೆ ಹಾಕಿ ಹಿಡಿದಾಗ, ಸೆಟೆದು ಕಿತ್ತುಬರುವಂತೆ ಕಾಣುವುದು ಅವನದೇ ಮೈ. ನೂಲು ಅವನದೇ ಆಗಿರುವುದರಿಂದ ಆ ನೋವು ಇಮ್ಮಡಿಯಾಗಿ ತಟ್ಟುತ್ತದೆ.

ವಿರೋಧ: ಯಂತ್ರ ಕಿತ್ತರೆ ಪೀಟರ್ ಉಳಿಯುವುದಿಲ್ಲ

ರೈಲಿನ ದೃಶ್ಯ ಅದ್ಭುತ, ಅದರಲ್ಲಿ ತಕರಾರಿಲ್ಲ. ಆದರೆ ನೂಲು ಕೈಕೊಡುವ ಕ್ಷಣಕ್ಕೆ ಯಂತ್ರವೇನೂ ಅಡ್ಡಿಯಲ್ಲ. ಕಾಮಿಕ್ಸ್‌ನಲ್ಲಿ ದ್ರವ ತುಂಬಿದ ಸಣ್ಣ ಡಬ್ಬಿ ಹೊಡೆದಾಟದ ನಡುವೆ ಖಾಲಿಯಾಗುತ್ತದೆ. ಹೊಸದನ್ನು ಹಾಕುವವರೆಗೆ ಅವನು ಬರಿಗೈ. ನಿನ್ನೆ ರಾತ್ರಿ ಡಬ್ಬಿ ತುಂಬಿಟ್ಟಿದ್ದನೋ ಇಲ್ಲವೋ ಎಂಬುದರ ಮೇಲೆ ಇವತ್ತಿನ ಜೀವ ನಿಂತಿರುತ್ತದೆ. ಅದು ಅವನ ಹೊಣೆ, ಅವನ ತಪ್ಪು.

ಅಡಿಕೆ ಗೊನೆ ಕೊಯ್ಯುವ ನಮ್ಮ ಕೊನೆಗಾರನನ್ನೇ ನೋಡಿ. ಕಾಲಿಗೆ ತಳೆ ಎಂಬ ಕುಣಿಕೆ ಹಾಕಿ ಅಡಿಕೆ ಮರ ಹತ್ತುತ್ತಾನೆ, ಗೊನೆ ಕೊಯ್ದು ಅದನ್ನು ಹಗ್ಗದಲ್ಲಿ ಕೆಳಕ್ಕೆ ಜಾರಿಸುತ್ತಾನೆ, ಕೆಳಗಿಳಿಯದೆ ಮರ ತೂಗಿ ಪಕ್ಕದ ಮರ ಹಿಡಿಯುತ್ತಾನೆ. ಹಗ್ಗ ಅವನ ಮೈಯಲ್ಲಿ ಬೆಳೆದದ್ದಲ್ಲ. ಬೆರಗಾಗುವುದು ಆ ಪಳಗಿದ ಕೈಗೆ, ಮರ ಎಷ್ಟು ಬಾಗೀತು ಎಂಬ ಅವನ ಅಂದಾಜಿಗೆ.

ಮನೆಯಲ್ಲಿ ಅಂಟು ಕಲಸುವುದು ಪವಾಡವಂತೆ! ಮಲೆನಾಡಿನಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಕಲಸದ ಅಡಿಕೆ ಬೆಳೆಗಾರ ಯಾರಿದ್ದಾರೆ? 50 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ (ತಾಮ್ರದ ಸಲ್ಫೇಟ್), ಇನ್ನೊಂದು 50 ಲೀಟರ್‌ಗೆ ಒಂದು ಕೆಜಿ ಸುಣ್ಣ. ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕಬೇಕು. ಶುಭ್ರವಾದ ಕಬ್ಬಿಣದ ಚಾಕು ಅದ್ದಿದರೆ ಕೆಂಪಗೆ ತಾಮ್ರ ಹತ್ತಿತೋ, ಸುಣ್ಣ ಸಾಲದು. ಸೋಸದಿದ್ದರೆ ಸಿಂಪಡಿಸುವ ನಾಝಲ್ ಕಟ್ಟಿಕೊಳ್ಳುತ್ತದೆ. ಕಲಸಿದ್ದು ಅಂದೇ ಮುಗಿಯಬೇಕು. ಪೀಟರ್‌ನ ಕಷ್ಟವೂ ಇದೇ ಜಾತಿಯದು: ಅವನ ದ್ರವ ಗಾಳಿ ತಾಗಿದೊಡನೆ ಗಟ್ಟಿಯಾಗುತ್ತದೆ, ಹಾಗಾಗಿ ನಾಝಲ್‌ನ ಬಾಯಲ್ಲೇ ಗಟ್ಟಿಯಾಗದಂತೆ ನೋಡಿಕೊಳ್ಳುವುದೇ ಅಸಲು ಕೆಲಸ. 2017ರ ಸಿನಿಮಾದಲ್ಲಿ ಅವನು ಶಾಲೆಯ ಲ್ಯಾಬಿನ ಡ್ರಾಯರ್‌ನಲ್ಲಿ ಕದ್ದುಮುಚ್ಚಿ ಈ ದ್ರವ ಕಲಸುವುದನ್ನು ತೋರಿಸಲು ಹಿಡಿದದ್ದು ಅರೆಗಳಿಗೆ. ಎರಡು ಗಂಟೆಯ ನೆಪ ಅಲ್ಲಿಗೆ ಮುಗಿಯಿತು.

2014ರ ಚಿತ್ರದಲ್ಲಿ ಖಳನಾಯಕ ಎಲೆಕ್ಟ್ರೋನ ವಿದ್ಯುತ್ತಿಗೆ ಯಂತ್ರ ಸುಟ್ಟುಹೋಗುತ್ತದೆ. ಪೀಟರ್ ಬ್ಯಾಟರಿಗಳನ್ನಿಟ್ಟು ಪ್ರಯೋಗ ಮಾಡಿ ಸೋಲುತ್ತಾನೆ. ಲೋಹಕ್ಕೆ ಕಾಂತತ್ವ ಕೊಡು ಎಂದು ದಾರಿ ತೋರಿಸುವವಳು ಅವನ ಗೆಳತಿ ಗ್ವೆನ್. ಮೈಯಿಂದ ನೂಲು ಬರುತ್ತಿದ್ದರೆ ಈ ಸೋಲೂ ಇಲ್ಲ, ಅವಳ ಜಾಣ್ಮೆಗೆ ಜಾಗವೂ ಇಲ್ಲ.

ಬೆರಳುಗಳ ಆ ಭಂಗಿ ಬಂದದ್ದೂ ಯಂತ್ರದಿಂದಲೇ. ಗುಂಡಿ ಇರುವುದು ಅಂಗೈಯಲ್ಲಿ. ಅದನ್ನು ನಡುಬೆರಳು, ಉಂಗುರಬೆರಳು ಒತ್ತುತ್ತವೆ. ಉಳಿದವು ದೂರ ಚಾಚಿಕೊಂಡಿರುತ್ತವೆ. ಎರಡು ಸಲ ಬೇಗ ಬೇಗ ಒತ್ತಿದರಷ್ಟೇ ನೂಲು, ಇಲ್ಲವಾದರೆ ಮುಷ್ಟಿ ಬಿಗಿದಾಗಲೆಲ್ಲ ಚಿಮ್ಮುತ್ತಿತ್ತು. ಶಾಲೆಯ ಛದ್ಮವೇಷಕ್ಕೆ ಮಗುವಿನ ಕೈಗವಸಿಗೆ ಗುಂಡಿ ಹೊಲಿಯುವವರು ಸಾಮಾನ್ಯವಾಗಿ ಅದನ್ನು ಮಣಿಕಟ್ಟಿನ ಹತ್ತಿರ ಇಟ್ಟುಬಿಡುತ್ತಾರೆ. ಆಗ ಬೆರಳು ಎಟುಕದೆ ಮಗು ಕೈಯನ್ನೇ ಒಳಕ್ಕೆ ಮಡಚುತ್ತದೆ, ಭಂಗಿ ಕೆಡುತ್ತದೆ. ಮೊದಲು ಆ ಎರಡು ಬೆರಳು ಮಡಚಿಸಿ, ತುದಿ ಎಲ್ಲಿ ತಾಗುತ್ತದೋ ಅಲ್ಲಿ ಪೆನ್ನಿನಿಂದ ಗುರುತು ಹಾಕಿ ಹೊಲಿಯಿರಿ.