ಸ್ಪಷ್ಟನೆ: 371ಜೆ ಸರ್ಟಿಫಿಕೇಟ್‌ಗೆ ಐಐಟಿ ಸೀಟು ಸಿಗುವುದಿಲ್ಲ
‘371ಜೆ ಸರ್ಟಿಫಿಕೇಟ್ ಇದ್ದರೆ ಸಾಕು, ಸಿಇಟಿ ರ‍್ಯಾಂಕ್ ಮೇಲೇ ಐಐಟಿಯ ಮೆಟೀರಿಯಲ್ಸ್ ಎಂಜಿನಿಯರಿಂಗ್ ಡ್ಯುಯಲ್ ಡಿಗ್ರಿ ಸೀಟು ಸಿಗುತ್ತದೆ’ ಎಂಬ ಮೆಸೇಜ್ ಬೀದರ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

371ಜೆ, ಅಂದರೆ ಕಲ್ಯಾಣ ಕರ್ನಾಟಕದವರಿಗಿರುವ ಮೀಸಲಾತಿ, ಐಐಟಿಗಳಿಗೆ ಅನ್ವಯಿಸುವುದಿಲ್ಲ. ಅಲ್ಲಿಗೆ ಜೆಇಇ ಅಡ್ವಾನ್ಸ್ಡ್ ಪ್ರವೇಶ ಪರೀಕ್ಷೆ ಬರೆಯಲೇಬೇಕು. ಸೀಟು ಹಂಚುವುದು ಜೋಸಾ (ಜಂಟಿ ಸೀಟು ಹಂಚಿಕೆ ಪ್ರಾಧಿಕಾರ). ಡ್ಯುಯಲ್ ಡಿಗ್ರಿ ಅಂದರೆ ಬಿ.ಟೆಕ್, ಎಂ.ಟೆಕ್ ಎರಡೂ ಸೇರಿ 5 ವರ್ಷ, ನಡುವೆ ಎಂ.ಟೆಕ್‌ಗೆ ಬರೆಯುವ ಗೇಟ್ ಪರೀಕ್ಷೆ ಬರೆಯಬೇಕಿಲ್ಲ. ಎಲ್ಲ ಐಐಟಿಗಳಲ್ಲೂ ಈ ಕೋರ್ಸ್ ಇಲ್ಲ, ಮೊದಲೇ ನೋಡಿಕೊಳ್ಳಿ.

ಮೆಟೀರಿಯಲ್ಸ್, ಅಂದರೆ ಲೋಹದಂಥ ವಸ್ತುಗಳ ಓದಂತೂ ನಮ್ಮೂರಿನ ಮಕ್ಕಳಿಗೆ ಹೊಸದಲ್ಲ. ಬಿದ್ರಿ ಹೂಜಿಗೆ ಕೋಟೆಯ ಮಣ್ಣು, ನವಸಾಗರ ಹಚ್ಚಿದರೆ ಸತು-ತಾಮ್ರದ ಮೈ ಕಪ್ಪಾಗುತ್ತದೆ, ಬೆಳ್ಳಿ ಎಳೆ ಮಾತ್ರ ಹೊಳೆಯುತ್ತಲೇ ಇರುತ್ತದೆ. ಯಾಕೆ ಹೀಗೆ? ಈ ಕೋರ್ಸ್ ಹುಡುಕುವುದು ಅದನ್ನೇ ಅಲ್ವಾ? ಸುಮ್ನೆ ಮೆಸೇಜ್ ನಂಬಿ ಏಜೆಂಟರಿಗೆ ದುಡ್ಡು ಕೊಡಬೇಡಿ.