ಹಳೆಯ ಕಾರಿನ ಬೆಲೆಯನ್ನು ಅಪಘಾತಕ್ಕೆ ಮೊದಲೇ ಬರೆಸಿಡಬೇಕು

ನಮ್ಮ ತಂದೆಯವರು 1984ರಲ್ಲಿ ಮೈಸೂರಿನಲ್ಲಿ ಕೊಂಡ ಪ್ರೀಮಿಯರ್ ಪದ್ಮಿನಿ ಇಂದಿಗೂ ನಮ್ಮ ಮನೆಯ ಶೆಡ್ಡಿನಲ್ಲಿದೆ ಮತ್ತು ವಾರಕ್ಕೊಮ್ಮೆ ತಪ್ಪದೆ ರಸ್ತೆಗೆ ಇಳಿಯುತ್ತದೆ. ಅದರ 1089 ಸಿಸಿ ಎಂಜಿನ್ ಮೊದಲ ದಿನದ್ದೇ. ಎಂಜಿನ್ ಸಂಖ್ಯೆಯೂ ಚಾಸಿ ಸಂಖ್ಯೆಯೂ ಆರ್‌ಸಿ ಪುಸ್ತಕದಲ್ಲಿ ಇರುವಂತೆಯೇ ಇವೆ. ಎರಡು ವರ್ಷಗಳ ಹಿಂದೆ ಅದರ ವಿಮೆಯನ್ನು ನವೀಕರಿಸಲು ಕುಳಿತಾಗ, ವಿಮಾ ಕಂಪನಿಯ ಜಾಲತಾಣವು ಐಡಿವಿ, ಅಂದರೆ ಕಾರು ಪೂರ್ತಿ ನಷ್ಟವಾದರೆ ಸಿಗಬೇಕಾದ, ವಿಮೆಗೆ ಘೋಷಿಸಿದ ಮೌಲ್ಯ, 28,000 ರೂಪಾಯಿ ಎಂದು ತಾನಾಗಿಯೇ ತುಂಬಿ ತೋರಿಸಿತು. ಕಾರನ್ನು ಯಾರೂ ನೋಡಿರಲಿಲ್ಲ, ಅದರ ಸ್ಥಿತಿಯ ಬಗ್ಗೆ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ.

ಮೌಲ್ಯ ಕಡಿಮೆಯಾದರೆ ಕಂತೂ ಕಡಿಮೆಯಾಗುತ್ತದೆ ಎಂದು ಅನೇಕರು ಸಮಾಧಾನ ಪಟ್ಟುಕೊಳ್ಳುತ್ತಾರೆ. ಆದರೆ ಅಪಾಯ ಇರುವುದು ಅಲ್ಲಿಯೇ. ದುರಸ್ತಿಯ ವೆಚ್ಚ ಐಡಿವಿಯ ಶೇಕಡಾ 75ನ್ನು ಮೀರಿದರೆ ವಾಹನ ಸಂಪೂರ್ಣ ನಷ್ಟವಾಗಿದೆಯೆಂದು ಪರಿಗಣಿಸುವುದು ನಮ್ಮ ಮೋಟಾರು ವಿಮೆಯ ರೂಢಿ. 28,000ಕ್ಕೆ ಈ ಮಿತಿ 21,000 ರೂಪಾಯಿ. ನಿಲ್ಲಿಸಿದ್ದ ಕಾರಿಗೆ ಯಾರೋ ಹಿಂದಿನಿಂದ ಗುದ್ದಿ ಒಂದು ಬಾಗಿಲು, ಒಂದು ಮಡ್‌ಗಾರ್ಡ್ ನಜ್ಜಾದರೆ ಸಾಕು, ಟಿಂಕರಿಂಗ್ ಮತ್ತು ಪೇಂಟಿಂಗ್ ಸೇರಿ ಖರ್ಚು ಈ ಮಿತಿಯನ್ನು ಸುಲಭವಾಗಿ ದಾಟುತ್ತದೆ. ಎರಡು ವಾರ ಗ್ಯಾರೇಜಿನಲ್ಲಿದ್ದು ಸರಿಹೋಗಿ ಬರಬೇಕಾದ ಕಾರು, ಕಾಗದದ ಮೇಲೆ ಗುಜರಿಗೆ ಹೋಗಬೇಕಾದ ಕಾರಾಗುತ್ತದೆ.

ಜಾಲತಾಣ ತೋರಿಸಿದ ಮೌಲ್ಯವನ್ನೇ ಒಪ್ಪಬೇಕೆಂಬ ನಿಯಮವಿಲ್ಲ ಎಂಬುದನ್ನು ಮಾಲೀಕರೆಲ್ಲರೂ ತಿಳಿದಿರಬೇಕು. ಮೋಟಾರು ವಿಮೆಯ ನಿಯಮಾವಳಿಯಾದ ಇಂಡಿಯನ್ ಮೋಟಾರ್ ಟ್ಯಾರಿಫ್ ಹಾಕಿಕೊಟ್ಟ ಸವಕಳಿ ಪಟ್ಟಿಯು, ಅಂದರೆ ಕಾರಿನ ವಯಸ್ಸಿಗೆ ತಕ್ಕಂತೆ ಬೆಲೆಯಲ್ಲಿ ಕಳೆಯುವ ಪಾಲಿನ ಪಟ್ಟಿಯು, ಆರು ತಿಂಗಳೊಳಗಿನ ಕಾರಿಗೆ ಶೇಕಡಾ 5ರಿಂದ ಆರಂಭವಾಗಿ, ನಾಲ್ಕರಿಂದ ಐದು ವರ್ಷದ ಕಾರಿಗೆ ಶೇಕಡಾ 50ಕ್ಕೆ ಬಂದು ನಿಂತುಬಿಡುತ್ತದೆ. ಐದು ವರ್ಷ ದಾಟಿದ ಕಾರುಗಳಿಗೂ ತಯಾರಿಕೆ ನಿಂತುಹೋದ ಮಾದರಿಗಳಿಗೂ ಮೌಲ್ಯವನ್ನು ವಿಮಾ ಕಂಪನಿ ಮತ್ತು ಮಾಲೀಕರು ಪರಸ್ಪರ ಒಪ್ಪಿಗೆಯಿಂದ ನಿರ್ಧರಿಸಬೇಕು ಎಂದೇ ಅಲ್ಲಿ ಬರೆದಿದೆ. ಜಾಲತಾಣ ತುಂಬಿದ ಅಂಕಿಗೆ ಸುಮ್ಮನೆ ಗುಂಡಿ ಒತ್ತಿದರೆ ಆ ಒಪ್ಪಿಗೆಯನ್ನು ನಾವೇ ಕೊಟ್ಟಂತಾಯಿತು. ನಾನು ಗುಂಡಿ ಒತ್ತಲಿಲ್ಲ. ಪರವಾನಗಿ ಇರುವ ಮೋಟಾರು ಸರ್ವೇಯರ್ ಒಬ್ಬರನ್ನು ಮನೆಗೆ ಕರೆಸಿ, ಅವರ ವರದಿಯೊಂದಿಗೆ ಶಾಖೆಗೆ ಮೂರು ಸಲ ಹೋದೆ. ಕೊನೆಗೆ ಪಾಲಿಸಿಯಲ್ಲಿ 2,10,000 ರೂಪಾಯಿ ಎಂದು ಬರೆದುಕೊಟ್ಟರು.

ಆ ಸರ್ವೇಯರ್ ಕಾರನ್ನು ನೋಡಿದ ರೀತಿಯಿಂದ ನಾನು ಬಹಳ ಕಲಿತೆ. ಮೇಲಿನ ಹೊಳಪಿಗೆ ಅವರು ಬೆಲೆ ಕೊಡಲಿಲ್ಲ. ಮ್ಯಾಟ್ ಎತ್ತಿ ತಳದ ತಗಡನ್ನು ಬೆರಳಿನಿಂದ ತಟ್ಟಿ ನೋಡಿದರು, ಬಾಗಿಲುಗಳ ಕೆಳಅಂಚನ್ನೂ ಚಕ್ರದ ಮೇಲಿನ ಕಮಾನನ್ನೂ ಒಳಗಿನಿಂದ ಪರೀಕ್ಷಿಸಿದರು, ಏಕೆಂದರೆ ಆ ಕಾಲದ ಕಾರುಗಳನ್ನು ತಿನ್ನುವುದು ತುಕ್ಕು. ದಪ್ಪಗೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಅದು ಮರೆಯಾಗುತ್ತದೆ, ಹೋಗುವುದಿಲ್ಲ. ಕರಾವಳಿಯ ಉಪ್ಪು ಗಾಳಿಯಲ್ಲಿ ಇದ್ದ ಕಾರಿಗೂ ಮೈಸೂರಿನ ಒಣ ಹವೆಯಲ್ಲಿ ಇದ್ದ ಕಾರಿಗೂ ತಳದಲ್ಲಿ ಕಾಣುವ ವ್ಯತ್ಯಾಸವನ್ನು ಅವರು ವಿವರಿಸಿದರು. ಸ್ಟಿಯರಿಂಗ್ ಪಕ್ಕದ ಗೇರು, ಕ್ರೋಮ್ ಬಂಪರು, ಗಾಜಿನ ಮೇಲಿನ ತಯಾರಕರ ಗುರುತು, ಕೆಎ ಸರಣಿ ಬರುವುದಕ್ಕೆ ಮೊದಲಿನ ನೋಂದಣಿ ಸಂಖ್ಯೆ, ಇವೆಲ್ಲವನ್ನೂ ವರದಿಯಲ್ಲಿ ಸೇರಿಸಿದರು. ತಂದೆಯವರು 1984ರಿಂದ ಕಾಪಾಡಿಕೊಂಡು ಬಂದ ಗ್ಯಾರೇಜ್ ರಸೀದಿಗಳ ಕಡತವನ್ನು ಮಾತ್ರ ಅವರು ಅರ್ಧ ಗಂಟೆ ಓದಿದರು. ಕಾರನ್ನು ಹೊಸದಾಗಿ ಕಾಣುವಂತೆ ಮಾಡಲು ಮೂಲ ಭಾಗಗಳನ್ನು ಕಿತ್ತು ಹಾಕಬೇಡಿ ಎಂದು ನಾನು ಪರಿಚಿತರಿಗೆಲ್ಲ ಹೇಳುವುದು ಅಂದಿನಿಂದ.

ಇಷ್ಟಾದರೂ ನನ್ನ ಅಸಮಾಧಾನ ತೀರಿಲ್ಲ. ನಷ್ಟವಾದಾಗ ಸವಕಳಿಯ ಮಾತೇ ಎತ್ತದೆ, ಮೊದಲೇ ಒಪ್ಪಿದ ಮೊತ್ತವನ್ನು ಪೂರ್ತಿ ಕೊಡುವ ಒಪ್ಪಿತ ಮೌಲ್ಯದ ಪಾಲಿಸಿ ಟ್ಯಾರಿಫ್‌ನಲ್ಲಿಯೇ ಇತ್ತು. ಆದರೆ ಅದನ್ನು ವಿಂಟೇಜ್ ಕಾರುಗಳಿಗೆ ಮಾತ್ರ ಮೀಸಲಿಟ್ಟರು, ಮತ್ತು ವಿಂಟೇಜ್ ಎಂದರೆ 1940ರ ಡಿಸೆಂಬರ್ 31ಕ್ಕೆ ಮೊದಲು ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾ ಪ್ರಮಾಣೀಕರಿಸಿದ ಕಾರು ಎಂದು ವ್ಯಾಖ್ಯಾನಿಸಿದರು. ಕೇಂದ್ರ ಸರ್ಕಾರವೇ 2021ರಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ವಾಣಿಜ್ಯ ಬಳಕೆಯಲ್ಲಿಲ್ಲದ, ಮೂಲ ಸ್ವರೂಪ ಉಳಿಸಿಕೊಂಡ ವಾಹನವನ್ನು ವಿಂಟೇಜ್ ಎಂದು ಗುರುತಿಸಿ ಅದಕ್ಕೆ ಪ್ರತ್ಯೇಕ ವಿಎ ನೋಂದಣಿ ಸರಣಿಯನ್ನು ಕೊಟ್ಟಿತು. ವಿಮೆಯ ಕಲ್ಪನೆ ಮಾತ್ರ ಎರಡನೆಯ ಮಹಾಯುದ್ಧದ ಕಾಲದಲ್ಲಿಯೇ ನಿಂತಿದೆ. ಅದು ಕೂಡಲೇ ಬದಲಾಗಬೇಕು. 50 ವರ್ಷವನ್ನೂ ಮುಟ್ಟದ ಪದ್ಮಿನಿ, ಕಾಂಟೆಸ್ಸಾ, 1983ರ ಡಿಸೆಂಬರಿನಲ್ಲಿ ಬಂದ ಮೊದಲ ಮಾದರಿಯ ಮಾರುತಿ 800, ಇವುಗಳಿಗೂ ಸರ್ವೇಯರ್ ವರದಿಯ ಆಧಾರದ ಮೇಲೆ ಒಪ್ಪಿತ ಮೌಲ್ಯದ ಪಾಲಿಸಿ ಕೊಡಬೇಕೆಂದು ನಾನು ಬಯಸುತ್ತೇನೆ. 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣಕ್ಕೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ಶುಲ್ಕ ನಿಗದಿ ಮಾಡಿದ ವ್ಯವಸ್ಥೆಯೇ ಅದೇ ಕಾರು 28,000 ಬಾಳುತ್ತದೆ ಎಂದರೆ ಒಪ್ಪುವುದು ಹೇಗೆ?

ಇನ್ನೊಂದು ಮಾತು. ಐಡಿವಿ ಹೆಚ್ಚಿಸಿಕೊಂಡ ಮಾತ್ರಕ್ಕೆ ಸಣ್ಣಪುಟ್ಟ ಕ್ಲೇಮುಗಳು ಪೂರ್ತಿ ಕೈಸೇರುವುದಿಲ್ಲ. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇಕಡಾ 50 ಸವಕಳಿ ಕಳೆಯುತ್ತಾರೆ. ರಬ್ಬರು, ಪ್ಲಾಸ್ಟಿಕ್, ಟೈರು, ಬ್ಯಾಟರಿಗಳಿಗೂ ಅಷ್ಟೇ. ಗಾಜಿಗೆ ಮಾತ್ರ ಕಡಿತವಿಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಅಲೆದು ಹುಡುಕಿ ತಂದ ಬಂಪರಿನ ಅರ್ಧ ಬೆಲೆಯನ್ನು ಕೈಯಿಂದಲೇ ಹಾಕಬೇಕಾಗುತ್ತದೆ. ಇದಕ್ಕಾಗಿ ಬೇಸತ್ತು ಕೇವಲ ಥರ್ಡ್ ಪಾರ್ಟಿ ವಿಮೆ ಮಾಡಿಸಿ ಸುಮ್ಮನಾಗುವವರನ್ನು ನಾನು ಬಲ್ಲೆ. ಅದು ಕಾನೂನಿಗೆ ಸಾಕು, ಆದರೆ ಕಾರು ಕಳುವಾದರೂ ಸುಟ್ಟುಹೋದರೂ ಒಂದು ಪೈಸೆ ಬರುವುದಿಲ್ಲ.

ನಮ್ಮ ಪಾಲಿಸಿ ಮುಂದಿನ ತಿಂಗಳು ಮುಗಿಯುತ್ತದೆ. ಕಳೆದ ಭಾನುವಾರ ಕಾರನ್ನು ಬೆಳಕಿಗೆ ತಂದು, ತಳದಿಂದ ಹಿಡಿದು ಚಾಸಿ ಸಂಖ್ಯೆಯವರೆಗೆ ದಿನಾಂಕ ಸಹಿತ ಛಾಯಾಚಿತ್ರಗಳನ್ನು ತೆಗೆದು, ಹೊಸ ರಸೀದಿಗಳೊಂದಿಗೆ ತಂದೆಯವರ ಕಡತಕ್ಕೆ ಸೇರಿಸಿದ್ದೇನೆ. ನಿಮ್ಮಲ್ಲಿ ಯಾರಾದರೂ ಇಂಥ ಕಾರಿಗೆ ಸರಿಯಾದ ಮೌಲ್ಯ ಬರೆಸಿಕೊಂಡಿದ್ದರೆ, ಯಾವ ದಾಖಲೆಗಳನ್ನು ಕೊಟ್ಟಿರಿ ಎಂಬುದನ್ನು ದಯವಿಟ್ಟು ಇಲ್ಲಿ ತಿಳಿಸಿ.